ಅಪ್ರೈಸಲ್ ಸರಿಯಾಗಬೇಕಾದರೆ ಅಂಕಕ್ಕಿಂತ ಮೊದಲು ಟಿಪ್ಪಣಿ ಬರೆಯಿರಿ

ಮಾರ್ಚ್ ಬಂತೆಂದರೆ ಬೈಕಂಪಾಡಿಯ ಕಾರ್ಖಾನೆಗಳಿಂದ ಮಣಿಪಾಲದ ಕಚೇರಿಗಳವರೆಗೆ ಮೇಲ್ವಿಚಾರಕರ ಮೇಜಿನ ಮೇಲೆ ಅಪ್ರೈಸಲ್, ಅಂದರೆ ನೌಕರರ ವಾರ್ಷಿಕ ಕೆಲಸದ ಮೌಲ್ಯಮಾಪನದ, ಫಾರ್ಮ್‌ಗಳು ಬಂದು ಬೀಳುತ್ತವೆ. ಒಂದೇ ಮಧ್ಯಾಹ್ನ ಕುಳಿತು, ಎಲ್ಲರಿಗೂ ಐದರಲ್ಲಿ ಮೂರೋ ನಾಲ್ಕೋ ಹಾಕಿ ಕೈತೊಳೆದುಕೊಳ್ಳುವವರನ್ನು ನಾನು ಬಹಳ ಕಡೆ ನೋಡಿದ್ದೇನೆ. ಒಬ್ಬರ ಬಡ್ತಿಯನ್ನೂ ವೇತನ ಹೆಚ್ಚಳವನ್ನೂ ನಿರ್ಧರಿಸುವ ಕಾಗದಕ್ಕೆ ಇಷ್ಟು ಅವಸರ ಸಲ್ಲದು. ಎಚ್‌ಆರ್ (ಮಾನವ ಸಂಪನ್ಮೂಲ) ವಿಭಾಗವೆಂದರೆ ಒಬ್ಬರೋ ಇಬ್ಬರೋ ಇರುವ ಮಧ್ಯಮ ಗಾತ್ರದ ಸಂಸ್ಥೆಗಳೂ ಅನುಸರಿಸಬಹುದಾದ ಕ್ರಮ ಹೀಗಿದೆ.

ಮೊದಲು ಪ್ರತಿ ಹುದ್ದೆಯ ಕೆಲಸವನ್ನು ನಾಲ್ಕೈದು ಅಂಶಗಳಲ್ಲಿ ಬರೆದು, ಆ ಹುದ್ದೆಯಲ್ಲಿರುವವರಿಗೇ ತೋರಿಸಿ ತಿದ್ದಿಕೊಳ್ಳಿ. ‘ನಿಷ್ಠೆ’, ‘ಮನೋಭಾವ’ ಮುಂತಾದ ಅಳೆಯಲಾಗದ ಕಾಲಂಗಳನ್ನು ತೆಗೆದುಹಾಕಿ. ಗುರಿಗಳನ್ನು ನೌಕರರ ಜೊತೆ ಕುಳಿತು ನಿಗದಿಪಡಿಸುವ ಪದ್ಧತಿಯನ್ನು ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ 1954ರಲ್ಲೇ ಪ್ರತಿಪಾದಿಸಿದ್ದರು; ಆದರೆ ಗುರಿ ನಮ್ಮ ಋತುಮಾನಕ್ಕೆ ಹೊಂದಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ಮಲ್ಪೆಯ ಮೀನು ಸಂಸ್ಕರಣಾ ಘಟಕದ ವಾರ್ಷಿಕ ಗುರಿಯನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳಿಗೂ ಒಂದೇ ಸಂಖ್ಯೆ ಹಾಕುವುದು ಅನ್ಯಾಯ.

ಎರಡನೆಯದು ಅಂಕಗಳಿಗೆ ಅರ್ಥ ಕೊಡುವುದು. ಐದು ಎಂದರೇನು, ಎರಡು ಎಂದರೇನು ಎಂಬುದನ್ನು ಕಣ್ಣಿಗೆ ಕಾಣುವ ನಡವಳಿಕೆಯ ರೂಪದಲ್ಲಿ ಬರೆದಿಡಬೇಕು. ಗೇರುಬೀಜ ಕಾರ್ಖಾನೆಯ ಗ್ರೇಡಿಂಗ್ ವಿಭಾಗದಲ್ಲಿ ‘ಗುಣಮಟ್ಟ’ಕ್ಕೆ ಐದು ಅಂಕ ಬರಬೇಕಾದರೆ ‘ಬೇರೆ ಗ್ರೇಡಿನ ತಿರುಳು ಬೆರೆತಿದ್ದರೆ ಪ್ಯಾಕಿಂಗ್‌ಗೆ ಮೊದಲೇ ತಾವಾಗಿ ಗುರುತಿಸುತ್ತಾರೆ’ ಎಂದಿರಲಿ. ಮೂರಕ್ಕೆ ‘ಹೇಳಿದಾಗ ಪರಿಶೀಲಿಸಿ ಸರಿಪಡಿಸುತ್ತಾರೆ’ ಎಂದಿರಲಿ. ಇದು 1963ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಮಿತ್ ಮತ್ತು ಕೆಂಡಾಲ್ ರೂಪಿಸಿದ ನಡವಳಿಕೆ ಆಧಾರಿತ ಮಾಪಕದ ಸರಳ ರೂಪ.

ಮುಂದಿನ ಹಂತದಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಮಾರ್ಚ್‌ನಲ್ಲಿ ಕುಳಿತವರಿಗೆ ಜನವರಿ, ಫೆಬ್ರವರಿಯ ಸಂಗತಿಗಳಷ್ಟೇ ನೆನಪಿರುತ್ತವೆ. ಜುಲೈಯ ಜಡಿಮಳೆಯಲ್ಲಿ ಬಸ್ಸಿಲ್ಲದಿದ್ದರೂ ಬಂದು ಪಾಳಿ ನಡೆಸಿದವರ ಶ್ರಮ ಮರೆತುಹೋಗಿರುತ್ತದೆ, ಕಳೆದ ವಾರ ಒಂದು ತಪ್ಪು ಮಾಡಿದವರ ಇಡೀ ವರ್ಷವೇ ಹಾಳಾಗಿ ಕಾಣುತ್ತದೆ. ಇದಕ್ಕೆ ಮದ್ದು ಒಂದೇ: ವರ್ಷವಿಡೀ ಟಿಪ್ಪಣಿ ಇಡುವುದು. ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನದ ತಿರುಳೂ ಇದೇ. ಪ್ರತಿ ನೌಕರರಿಗೆ ನೋಟ್‌ಬುಕ್ಕಿನಲ್ಲಿ ಎರಡು ಪುಟ ಮೀಸಲಿಟ್ಟು, ತಿಂಗಳಿಗೆ ಕನಿಷ್ಠ ಒಂದು ಘಟನೆಯನ್ನಾದರೂ ದಿನಾಂಕ ಸಹಿತ ಬರೆಯಿರಿ. ‘ಒಳ್ಳೆಯ ಕೆಲಸಗಾರ್ತಿ, ಸ್ವಭಾವ ಪರವಾಗಿಲ್ಲ’ ಎಂಬುದು ಟಿಪ್ಪಣಿಯಲ್ಲ, ಅಭಿಪ್ರಾಯ. ‘ಜುಲೈ 9: ಹಾಜರಾತಿ ಕಡಿಮೆಯಿದ್ದುದರಿಂದ ಎರಡು ಮೇಜು ನೋಡಿಕೊಂಡರು, ಡಬ್ಲ್ಯೂ 320 ಗ್ರೇಡಿನ ತಿರುಳಿನ ಟ್ರೇಯಲ್ಲಿ ಡಬ್ಲ್ಯೂ 240 ಗ್ರೇಡಿನದು ಬೆರೆತಿದ್ದುದನ್ನು ಹಿಡಿದು ಬೇರ್ಪಡಿಸಿದರು’ ಎಂಬುದು ಟಿಪ್ಪಣಿ. ಅಲ್ಲಿ ಸಂದರ್ಭವಿದೆ, ಮಾಡಿದ ಕೆಲಸವಿದೆ, ಫಲವಿದೆ. ತಪ್ಪು ನಡೆದಾಗಲೂ ಹೀಗೆಯೇ ಬರೆದು, ಅದೇ ವಾರ ಆ ನೌಕರರಿಗೆ ತಿಳಿಸಬೇಕು. ಎಂಟು ತಿಂಗಳು ಗುಟ್ಟಾಗಿಟ್ಟು ಮಾರ್ಚ್‌ನಲ್ಲಿ ಹೊರತೆಗೆಯುವುದು ಮೌಲ್ಯಮಾಪನವಲ್ಲ, ಹಗೆ ಸಾಧಿಸಿದಂತೆ. ಮನೆಯಿಂದ ಕೆಲಸ ಮಾಡುವವರ ಪುಟಗಳು ಖಾಲಿ ಉಳಿಯುವ ಅಪಾಯ ಹೆಚ್ಚು. ಕಣ್ಣೆದುರು ಇರುವವರೇ ದುಡಿಯುವವರೆಂಬ ಭ್ರಮೆ ಹುಟ್ಟದಂತೆ, ಅವರು ಒಪ್ಪಿಸಿದ ಕೆಲಸವನ್ನು ತೆರೆದು ನೋಡಿಯೇ ಬರೆಯಿರಿ.

ಈ ಶ್ರಮ ಉಳಿಸುತ್ತೇವೆಂದು ಕೀಬೋರ್ಡ್ ಒತ್ತಿದ ಲೆಕ್ಕವನ್ನೂ ಪರದೆಯ ಚಿತ್ರವನ್ನೂ ಸೆರೆಹಿಡಿದು ಅಂಕ ಕೊಡುವ ಸಾಫ್ಟ್‌ವೇರ್‌ಗಳನ್ನು ಮಾರುವವರಿದ್ದಾರೆ. ಕೊಳ್ಳಬೇಡಿ. ಅವು ಚಲನೆಯನ್ನು ಅಳೆಯುತ್ತವೆಯೇ ಹೊರತು ಕೆಲಸವನ್ನಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿರುವುದರಿಂದ, ನೌಕರರ ಯಾವ ಮಾಹಿತಿಯನ್ನು ಯಾಕೆ ಸಂಗ್ರಹಿಸುತ್ತಿದ್ದೀರಿ ಎಂಬುದನ್ನು ಬರವಣಿಗೆಯಲ್ಲಿ ತಿಳಿಸುವ ರೂಢಿಯನ್ನೂ ಈಗಲೇ ಬೆಳೆಸಿಕೊಳ್ಳಿ. ಇಂತಿಷ್ಟು ಶೇಕಡಾ ಮಂದಿ ಕೆಳಗಿನ ದರ್ಜೆಯಲ್ಲಿ ಇರಲೇಬೇಕೆಂಬ ಕಡ್ಡಾಯ ಶ್ರೇಣೀಕರಣವೂ ಬೇಡ. ಅಂಥ ಪದ್ಧತಿಯನ್ನು ಮೈಕ್ರೋಸಾಫ್ಟ್ ಕಂಪನಿಯೇ 2013ರಲ್ಲಿ ಕೈಬಿಟ್ಟಿತು.

ಅಂಕ ಹಾಕಿದ ಮೇಲೆ ಎಲ್ಲ ವಿಭಾಗಗಳ ಮೇಲ್ವಿಚಾರಕರು ಒಟ್ಟಿಗೆ ಕುಳಿತು ಹೋಲಿಸಿ ನೋಡಲಿ. ಘಟನೆಯ ಆಧಾರವಿಲ್ಲದ ಅಂಕ ಅಲ್ಲಿ ನಿಲ್ಲಬಾರದು. ಕಾನೂನಿನಂತೆ 26 ವಾರಗಳ ಹೆರಿಗೆ ರಜೆ ಪಡೆದವರಿಗೆ ಅವರು ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಗೆ ಮುಖಾಮುಖಿ ಮಾತು. ಫಾರ್ಮ್ ಕನ್ನಡದಲ್ಲಿರಲಿ, ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ, ಅವರಿಗೆ ಸಲೀಸಾದ ಭಾಷೆಯಲ್ಲಿ ನಡೆಯಲಿ. ಅಂಕವನ್ನು ಮುಚ್ಚಿಡಬೇಡಿ. ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಸರ್ಕಾರಿ ನೌಕರರ ವಾರ್ಷಿಕ ಗೋಪ್ಯ ವರದಿಯ ಪ್ರತಿ ನಮೂದನ್ನೂ, ಅದು ‘ಉತ್ತಮ’ ಎಂದಿದ್ದರೂ, ಅವರಿಗೆ ತಿಳಿಸಬೇಕೆಂದು ಹೇಳಿತು. ಆ ತೀರ್ಪು ಸರ್ಕಾರಿ ಸೇವೆಗೆ ಸಂಬಂಧಿಸಿದ್ದಾದರೂ ಅದರ ನ್ಯಾಯ ಖಾಸಗಿಯವರಿಗೂ ಒಪ್ಪುವಂಥದು. ಫಾರ್ಮ್‌ನ ಪ್ರತಿ ನೌಕರರ ಕೈಗೆ ಸಿಗಲಿ, ಆಕ್ಷೇಪ ಬರೆಯಲು ಜಾಗವಿರಲಿ, ಉತ್ತರವನ್ನು ಅಂಕ ಹಾಕಿದವರಲ್ಲದೆ ಬೇರೊಬ್ಬರು ಹದಿನೈದು ದಿನಗಳೊಳಗೆ ಕೊಡಲಿ. ಹೊಸ ವೇತನ ಪಟ್ಟಿಗೆ ಸಹಿ ಬೀಳುವುದು ಆ ಉತ್ತರಗಳೆಲ್ಲ ತಲುಪಿದ ಮೇಲೆಯೇ.