ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದ ನನ್ನ ಅನುಭವ

ಇಂಗ್ಲೆಂಡಿನ ನಮ್ಮ ಮನೆಯನ್ನು ಬೆಚ್ಚಗಿಡುತ್ತಿದ್ದ ಗ್ಯಾಸ್ ಬಾಯ್ಲರ್ ಬದಲು ಏರ್ ಸೋರ್ಸ್ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ವಿದ್ಯುತ್ತಿನ ಬಲದಿಂದ ಎಳೆದು ನೀರು ಬಿಸಿ ಮಾಡುವ ಯಂತ್ರ, ಹಾಕಿಸಲು ನೆರವಾದದ್ದು ಇಲ್ಲಿನ ಸರ್ಕಾರದ ‘ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್’. ಅದಕ್ಕೆ ಮೊದಲು, 2014ರಿಂದ 2022ರ ಮಾರ್ಚ್‌ವರೆಗೆ, ಮನೆಗಳಿಗಾಗಿ ನಡೆದ ‘ರಿನ್ಯೂಯಬಲ್ ಹೀಟ್ ಇನ್ಸೆಂಟಿವ್’ ಯೋಜನೆಯಲ್ಲಿ ಪೂರ್ತಿ ಹಣವನ್ನು ಮನೆಯವರೇ ಮೊದಲು ಹಾಕಿ, ಆಮೇಲೆ 7 ವರ್ಷ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಸಹಾಯಧನ ಪಡೆಯಬೇಕಿತ್ತು. ಇಡುಗಂಟು ಇದ್ದವರಿಗೆ ಅದು ಒಳ್ಳೆಯದೇ. ಮನೆ ಸಾಲ ಕಟ್ಟುತ್ತಿರುವ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಈಗಿನ ಯೋಜನೆಯಲ್ಲಿ ಸಹಾಯಧನವನ್ನು ಬಿಲ್ಲಿನಲ್ಲೇ ಕಳೆಯುತ್ತಾರೆ. 5,000 ಪೌಂಡ್ ಇದ್ದ ಮೊತ್ತವನ್ನು 2023ರ ಅಕ್ಟೋಬರ್‌ನಲ್ಲಿ 7,500 ಪೌಂಡ್‌ಗೆ ಏರಿಸಿದ ಮೇಲೆ ನಾವು ಧೈರ್ಯ ಮಾಡಿದೆವು.

ಅರ್ಜಿಯನ್ನು ಮನೆಯವರು ಹಾಕುವಂತಿಲ್ಲ. ಇಂಥ ಯಂತ್ರ ಅಳವಡಿಸುವವರ ಗುಣಮಟ್ಟಕ್ಕೆ ಕೊಡುವ ಎಂಸಿಎಸ್ ಪ್ರಮಾಣಪತ್ರವಿರುವ ಗುತ್ತಿಗೆದಾರರೇ ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್‌ಗೆ ಸಲ್ಲಿಸುತ್ತಾರೆ. ಆಫ್‌ಜೆಮ್ ನಮ್ಮ ಒಪ್ಪಿಗೆ ಕೇಳಿ ಇಮೇಲ್ ಕಳಿಸುತ್ತದೆ. ಕಾಗದಪತ್ರದ ತಾಪತ್ರಯ ಅಷ್ಟೇ. ಅಟ್ಟಕ್ಕೂ ಗೋಡೆಗೂ ಶಾಖನಿರೋಧಕ ಹಾಕಿಸಬೇಕೆಂದು ಇಪಿಸಿಯಲ್ಲಿ (ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರದಲ್ಲಿ) ಸೂಚಿಸಿದ್ದರೆ ಅದನ್ನು ಮೊದಲು ಪೂರೈಸಲೇಬೇಕೆಂಬ ಷರತ್ತನ್ನು 2024ರ ಮೇ ತಿಂಗಳಲ್ಲಿ ಕೈಬಿಟ್ಟರು. ಆದರೂ ನಾನು ಮೊದಲು ಅಟ್ಟದ ಕೆಲಸ ಮುಗಿಸಿಕೊಂಡೆ. ಸೋರುವ ಶಾಖವನ್ನು ತಡೆಯದೆ ದೊಡ್ಡ ಯಂತ್ರ ಕೂರಿಸುವುದರಲ್ಲಿ ಅರ್ಥವಿಲ್ಲ.

ನಿಜವಾದ ಪರೀಕ್ಷೆ ಗುತ್ತಿಗೆದಾರರ ಆಯ್ಕೆಯಲ್ಲಿತ್ತು. ಒಬ್ಬರು ಮನೆಯ ವಿಸ್ತೀರ್ಣವನ್ನಷ್ಟೇ ಕೇಳಿ ಫೋನಿನಲ್ಲೇ ದರ ಹೇಳಿಬಿಟ್ಟರು. ಇನ್ನೊಬ್ಬರು ಬಂದು ಪ್ರತಿ ಕೋಣೆಯ ಕಿಟಕಿ, ಹೊರಗೋಡೆ, ನೆಲ ಎಲ್ಲವನ್ನೂ ಅಳೆದು, ಕೊರೆಯುವ ಚಳಿಯ ದಿನ ಯಾವ ಕೋಣೆ ಎಷ್ಟು ವ್ಯಾಟ್ ಶಾಖ ಕಳೆದುಕೊಳ್ಳುತ್ತದೆ ಎಂಬ ಪಟ್ಟಿ ಕೊಟ್ಟರು. ಮಕ್ಕಳ ಕೋಣೆಯ ತೆಳು ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ಫಲಕ) ಮುಂದೆ ಮಂಡಿಯೂರಿ ಕೂತು, ಬಾಯ್ಲರಿನ 70 ಡಿಗ್ರಿ ನೀರಿನಲ್ಲಿ ಅದು ಕೊಡುವ ಶಾಖದ ಅರ್ಧವನ್ನೂ ಹೀಟ್ ಪಂಪಿನ 45 ಡಿಗ್ರಿ ನೀರಿನಲ್ಲಿ ಕೊಡಲಾರದು, ಇದನ್ನು ಜೋಡಿ ಪ್ಯಾನೆಲ್‌ಗೆ ಬದಲಾಯಿಸಲೇಬೇಕು ಎಂದರು. ಅವರ ದರ ಹೆಚ್ಚಿತ್ತು, ಕೆಲಸವನ್ನು ಅವರಿಗೇ ಕೊಟ್ಟೆವು.

ಕಾರಣ ಸರಳವಾದ ಲೆಕ್ಕ. ಇಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುವ ಪಂಪ್‌ನಿಂದ ಇಂಗಾಲ ಕಡಿಮೆಯಾದೀತು, ಆದರೆ ಮಾಮೂಲಿ ದರದಲ್ಲಿ ಬಿಲ್ ಇಳಿಯದು; ನಾಲ್ಕರ ಹತ್ತಿರ ಬಂದರೆ ಇಳಿಯುತ್ತದೆ. ನೀರನ್ನು ಕಡಿಮೆ ಬಿಸಿ ಮಾಡಿದಷ್ಟೂ ಪಂಪ್‌ನ ದಕ್ಷತೆ ಹೆಚ್ಚುವುದರಿಂದ ದೊಡ್ಡ ರೇಡಿಯೇಟರ್‌ಗಳಿಗೆ ಕೊಟ್ಟ ಹಣ ವರ್ಷವರ್ಷವೂ ಮರಳುತ್ತದೆ. ಅಡುಗೆಗೂ ಇಂಡಕ್ಷನ್ ಒಲೆ ತಂದು ಗ್ಯಾಸ್ ಸಂಪರ್ಕವನ್ನೇ ಕಡಿಸಿದ್ದರಿಂದ ದಿನನಿತ್ಯದ ಸ್ಥಿರ ಶುಲ್ಕವೂ ತಪ್ಪಿತು.

ಬಾಯ್ಲರಿನಂತೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಎಂದು ಇದನ್ನು ಓಡಿಸಬಾರದು. ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿಯನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಚಾಲೂ ಮಾಡಿ, ಮನೆಯನ್ನು ಇಡೀ ದಿನ ಹದವಾಗಿ ಬೆಚ್ಚಗಿಡುತ್ತೇವೆ.

ಈ ಯೋಜನೆಯಲ್ಲಿ ನನಗೆ ಕೊರತೆಯೆನಿಸುವುದು ಒಂದೇ: ಪಂಪ್ ಚಾಲೂ ಆದೊಡನೆ ಗುತ್ತಿಗೆದಾರರಿಗೆ ಪೂರ್ತಿ ಸಹಾಯಧನ ಸಲ್ಲುತ್ತದೆ. ಅದರಲ್ಲಿ ಸ್ವಲ್ಪ ಭಾಗವನ್ನು ತಡೆಹಿಡಿದು, ಮೊದಲ ಚಳಿಗಾಲದಲ್ಲಿ ಮೀಟರ್ ತೋರಿಸುವ ದಕ್ಷತೆಯನ್ನು ನೋಡಿ ಕೊಟ್ಟರೆ, ಕೋಣೆ ಕೋಣೆ ಅಳೆಯುವವರಿಗೆ ತಕ್ಕ ಬೆಲೆ ಸಿಗುತ್ತದೆ.