ಸಸ್ಪೆನ್ಷನ್ ಕೆಲಸದ ನಂತರ ಬಿಗಿಯಾದ ಸ್ಟೀರಿಂಗ್: ಭಾರವಿಟ್ಟೇ ಅಳೆದ ನನ್ನ ಅನುಭವ

ಮುಂದಿನ ಶಾಕ್ ಅಬ್ಸಾರ್ಬರ್, ಟಾಪ್ ಮೌಂಟ್ (ಶಾಕ್ ಅಬ್ಸಾರ್ಬರಿನ ತುದಿಯನ್ನು ಬಾಡಿಗೆ ಹಿಡಿಸುವ ರಬ್ಬರ್ ತಲೆ), ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಎಲ್ಲವನ್ನೂ ಹೊಸದಾಗಿ ಹಾಕಿಸಿದ ಮೇಲೆ ಸ್ಟೀರಿಂಗ್ ಬಿಗಿಯಾಯಿತೆಂಬ ದೂರು ಬಂದರೆ, ನಮ್ಮ ವೃತ್ತಿಯಲ್ಲಿ ಹೆಚ್ಚಿನವರ ಗಮನ ಮೊದಲು ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಕಡೆಗೂ ಆಮೇಲೆ, ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸ್ಟೀರಿಂಗ್ ರ‍್ಯಾಕ್ ಕಡೆಗೂ ಹೋಗುತ್ತದೆ. ನನ್ನ ಬಳಿಗೆ ಬಂದ ಕಾರು ಈ ಎರಡೂ ಹಂತಗಳನ್ನು ದಾಟಿ ಬಂದಿತ್ತು. ಅದು ಮುಂದಿನ ಚಕ್ರಗಳಿಂದ ಓಡುವ ಸಣ್ಣ ಕಾರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದರಲ್ಲೇ ಸೇರಿ, ಚಕ್ರದೊಂದಿಗೇ ತಿರುಗುವ ಕಂಬ), ಸ್ಟೀರಿಂಗ್ ವೃತ್ತದಿಂದ ಕೆಳಗಿಳಿಯುವ ಕಾಲಮ್ಮಿನ ಮೇಲೆ ಮೋಟಾರ್ ಇರುವ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಕೈಯಿಂದಲೇ ಎಳೆದು ತರಬೇಕಾಗಿತ್ತು. ನನಗೆ ಇದೇ ಮೊದಲ ಸುಳಿವಾಯಿತು. ಕಾಸ್ಟರ್ (ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಹೆಚ್ಚಾಗಿ ಸ್ಟೀರಿಂಗ್ ಭಾರವಾಗಿದ್ದರೆ ಅದು ಮೊದಲಿಗಿಂತ ಜೋರಾಗಿ ನೇರಕ್ಕೆ ಮರಳುತ್ತದೆ. ಭಾರವೂ ಆಗಿ ಮರಳುವುದನ್ನೂ ಬಿಟ್ಟಿದ್ದರೆ, ಎಲ್ಲೋ ಒಂದು ಕಡೆ ಹಿಡಿತವಿದೆ ಎಂದೇ ಅರ್ಥ.

ಮಾಲೀಕರು ಅಷ್ಟರೊಳಗೆ ಬೇರೆ ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿದ್ದರು, ಸ್ಕ್ಯಾನರ್ ಹಾಕಿಸಿ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಸೊನ್ನೆಗೆ ತರಿಸಿದ್ದರು, ಟಯರ್ ಹಿಂದುಮುಂದು ಮಾಡಿಸಿದ್ದರು. ಯಾವುದರಿಂದಲೂ ಗುಣ ಕಾಣಲಿಲ್ಲ. ಕೊನೆಗೆ ರ‍್ಯಾಕ್ ಮತ್ತು ಕಾಲಮ್ ಎರಡನ್ನೂ ಬದಲಿಸಬೇಕೆಂದು ಒಬ್ಬರು ಅಂದಾಜು ಪಟ್ಟಿ ಕೊಟ್ಟಿದ್ದರು. ಆ ಮೊತ್ತ ಹಿಂದೆ ಮಾಡಿಸಿದ ಇಡೀ ಸಸ್ಪೆನ್ಷನ್ ಕೆಲಸದ ಮೂರು ಪಟ್ಟಿಗೂ ಹೆಚ್ಚಾಗುತ್ತಿತ್ತು. ಕಾರು ಕೆಲಸಕ್ಕೆ ಹೋಗುವ ಹಿಂದಿನ ದಿನದವರೆಗೂ ಹಗುರವಾಗಿದ್ದ ರ‍್ಯಾಕ್ ಕೆಲಸ ಮುಗಿದ ದಿನವೇ ಕೆಟ್ಟಿತೆಂಬ ವಾದವನ್ನು ನಾನು ಒಪ್ಪಲಿಲ್ಲ. ರ‍್ಯಾಕ್ ಕೂತಿರುವ ಸಬ್‌ಫ್ರೇಮನ್ನು (ಎಂಜಿನ್ ಕೆಳಗಿನ ಚೌಕಟ್ಟನ್ನು) ಇಳಿಸಿದ್ದರೆ ಮಾತು ಬೇರೆ. ಇಲ್ಲಿ ಅದರ ಬೋಲ್ಟುಗಳ ಮೇಲೆ ಪಾನಾ ತಾಗಿದ ಗುರುತೇ ಇರಲಿಲ್ಲ.

ಮೊದಲು ಮೋಟಾರಿನ ಮೇಲಿದ್ದ ಅನುಮಾನವನ್ನು ನಿವಾರಿಸಿಕೊಂಡೆ. ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರನ್ನು ಪವರ್ ಸ್ಟೀರಿಂಗಿಗೆ ಹೋಗುವ ದಪ್ಪ ತಂತಿಗೆ ಸಿಕ್ಕಿಸಿ, ಎಂಜಿನ್ ಚಾಲೂ ಇಟ್ಟು, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದೆ. ನೆನಪಿನಲ್ಲಿರುವಂತೆ 40 ಆಂಪಿಯರ್ ಆಸುಪಾಸು ತೋರಿಸಿತು. ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ 30ರ ಒಳಗೇ ಇತ್ತು. ಸ್ಟೀರಿಂಗ್ ಬಿಗಿಯಾಗಿದ್ದು ಕರೆಂಟ್ ಕಡಿಮೆಯಿದ್ದರೆ ಮೋಟಾರ್ ನೆರವಾಗುತ್ತಿಲ್ಲ ಎನ್ನಬಹುದು. ಬಿಗಿಯೂ ಇದ್ದು ಕರೆಂಟೂ ಹೆಚ್ಚಿದ್ದರೆ ಮೋಟಾರ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ, ಅದಕ್ಕೆ ಅಡ್ಡವಾಗಿರುವುದು ಬೇರೇನೋ. ಇಷ್ಟನ್ನು ತೋರಿಸಿದರೂ ಪಟ್ಟಿ ಕೊಟ್ಟವರು ರ‍್ಯಾಕ್ ಮಾತನ್ನು ಬಿಡಲಿಲ್ಲ.

ಎಲ್ಲರೂ ಮಾಡುವಂತೆ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು ತಿರುಗಿಸಿ ನೋಡಿದರೆ ಸ್ಟೀರಿಂಗ್ ಸಲೀಸಾಗಿ ತಿರುಗುತ್ತಿತ್ತು. ಟೈ ರಾಡ್ ಎಂಡ್ (ರ‍್ಯಾಕ್‌ನಿಂದ ಚಕ್ರಕ್ಕೆ ಬರುವ ಸರಳಿನ ತುದಿ) ಬಿಚ್ಚಿ ಎಡದ ಮತ್ತು ಬಲದ ನಕಲ್‌ಗಳನ್ನು (ಚಕ್ರವನ್ನು ಹಿಡಿದು ತಿರುಗುವ ಗೆಣ್ಣುಗಳನ್ನು) ಬೇರೆ ಬೇರೆಯಾಗಿ ಕೈಯಲ್ಲಿ ಆಡಿಸಿದಾಗಲೂ ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೋವರ್ ಆರ್ಮ್ ತುದಿಯ ಹೊಸ ಬಾಲ್ ಜಾಯಿಂಟ್ (ಗುಂಡು ಕೀಲು) ಸ್ವಲ್ಪ ಗಟ್ಟಿಯಾಗಿರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಹಳ ಮಂದಿ ಸ್ಟ್ರಟ್ ಬೇರಿಂಗನ್ನು (ಸ್ಪ್ರಿಂಗ್ ಸೀಟಿಗೂ ಟಾಪ್ ಮೌಂಟಿಗೂ ನಡುವೆ ಕೂತು ಸ್ಟ್ರಟ್ ತಿರುಗಲು ಬಿಡುವುದು) ದೋಷಮುಕ್ತ ಎಂದು ಬಿಟ್ಟುಬಿಡುವುದು ಈ ಹಂತದಲ್ಲಿಯೇ. ಆದರೆ ಚಕ್ರ ನೇತಾಡುವಾಗ ಆ ಬೇರಿಂಗಿನ ಮೇಲಿರುವುದು ಸ್ಪ್ರಿಂಗ್ ಜೋಡಿಸುವಾಗ ಉಳಿದ ಒತ್ತಡ ಮಾತ್ರ, ಕಾರಿನ ಭಾರವಲ್ಲ. ಭಾರ ಬಿದ್ದಾಗ ಮಾತ್ರ ಹಿಡಿಯುವ ದೋಷವನ್ನು ಭಾರ ತೆಗೆದು ಹುಡುಕುವುದು ವ್ಯರ್ಥ.

ಹಾಗೆಂದು ನೆಲದ ಮೇಲೆ ಅಳೆಯಲು ಹೋದರೆ ಟಯರಿನ ಉಜ್ಜಾಟ ಬೇರೆಲ್ಲವನ್ನೂ ಮುಚ್ಚಿಹಾಕುತ್ತದೆ. ಎಂಜಿನ್ ಆರಿಸಿ ಸ್ಟೀರಿಂಗ್ ವೃತ್ತಕ್ಕೆ ಕೊಕ್ಕೆ ತಕ್ಕಡಿ ಕಟ್ಟಿ ಎಳೆದರೆ ಒಂದೊಂದು ಸಲಕ್ಕೆ ಒಂದೊಂದು ಅಂಕಿ ಬರುತ್ತದೆ. ಭಾರ ಇರಬೇಕು, ಉಜ್ಜಾಟ ಇರಬಾರದು. ಅದಕ್ಕಾಗಿ ಪ್ರತಿ ಮುಂದಿನ ಚಕ್ರದ ಅಡಿಗೆ ಎರಡೆರಡು ಉಕ್ಕಿನ ತಗಡುಗಳನ್ನು ಇಟ್ಟು ನಡುವೆ ಗ್ರೀಸ್ ಬಳಿದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಕೊಡದೆ ಈ ಕೆಲಸಕ್ಕೆ ಯಾರೂ ಕೈಹಾಕಬಾರದು. ಬರಿಯ ಗ್ರೀಸ್ ಕಾರಿನ ಭಾರಕ್ಕೆ ಬೇಗ ಹಿಂಡಿಹೋಗುತ್ತದೆ, ತಗಡಿಗೆ ತಗಡು ಕಚ್ಚಿಕೊಳ್ಳುತ್ತದೆ. ಇದನ್ನು ತಡೆಯಲು ಗ್ರೀಸಿನ ನಡುವೆ ನಾನು ಇಡುವ ಪದಾರ್ಥವನ್ನು ಕಂಡುಕೊಳ್ಳಲು ಬಹಳ ಕಾಲ ಹಿಡಿದ ಕಾರಣ ಅದನ್ನು ಇಲ್ಲಿ ಬರೆಯುವುದಿಲ್ಲ. ನೋಡಿದವರು ನಕ್ಕರು. ಅಲೈನ್‌ಮೆಂಟ್ ಮಾಡುವವರ ಬಳಿ ಇದಕ್ಕಿಂತ ಉತ್ತಮವಾದ ತಿರುಗುತಟ್ಟೆಗಳಿವೆ, ಕಾಸ್ಟರ್ ನೋಡುವಾಗ ಅವರು ಅವುಗಳ ಮೇಲೆಯೇ ಚಕ್ರವನ್ನು 20 ಡಿಗ್ರಿ ಆಚೀಚೆ ತಿರುಗಿಸುತ್ತಾರೆ. ಆದರೆ ಎಂಜಿನ್ ಚಾಲೂ ಇಟ್ಟು ತಿರುಗಿಸಿದರೆ ಮೋಟಾರ್ ಎಲ್ಲ ಹಿಡಿತವನ್ನೂ ನುಂಗಿಬಿಡುವುದರಿಂದ ಅವರ ಕೈಗೆ ಏನೂ ತಿಳಿಯುವುದಿಲ್ಲ.

ಎಂಜಿನ್ ಆರಿಸಿ, ತಕ್ಕಡಿಯನ್ನು ವೃತ್ತದ ಅಂಚಿಗೆ ಅಡ್ಡಡ್ಡವಾಗಿ ಹಿಡಿದು ನಿಧಾನವಾಗಿ ಎಳೆದಾಗ, ಚಕ್ರ ಎತ್ತಿದ ಸ್ಥಿತಿಯಲ್ಲಿ ಸುಮಾರು 2 ಕಿಲೋ ಬಂತು; ಇದು ಕಾಲಮ್, ಮೋಟಾರ್ ಮತ್ತು ರ‍್ಯಾಕ್‌ಗಳ ಪಾಲು. ತಗಡಿನ ಮೇಲೆ ಇಳಿಸಿದಾಗ 3 ಅಥವಾ ಅದಕ್ಕೆ ತುಸು ಹೆಚ್ಚು ಬರಬೇಕಿತ್ತು, ಬಂದದ್ದು 6ರ ಹತ್ತಿರ. ರ‍್ಯಾಕ್‌ನ ವಾದ ಅಲ್ಲಿಗೆ ಮುಗಿಯಿತು. ಹೆಚ್ಚುವರಿ 3 ಕಿಲೋ ಹಿಡಿತ ಕಾರಿನ ಭಾರ ಹೊರುವ ಭಾಗದಲ್ಲಿಯೇ ಇರಬೇಕು, ಅಂದರೆ ಮೇಲಿನ ಬೇರಿಂಗ್ ಇಲ್ಲವೇ ಕೆಳಗಿನ ಬಾಲ್ ಜಾಯಿಂಟ್. ಸ್ಟ್ರಟ್ ಇರುವ ಕಾರಿನಲ್ಲಿ ಭಾರವೆಲ್ಲ ಮೇಲಿನ ಬೇರಿಂಗಿನ ಮೂಲಕವೇ ಇಳಿಯುವುದರಿಂದ ನನ್ನ ಅನುಮಾನ ಮೇಲಕ್ಕೇ ಹೋಯಿತು.

ಟೈ ರಾಡ್ ಎಂಡ್‌ಗಳನ್ನು ಮತ್ತೆ ಬಿಚ್ಚಿ, ತಗಡಿನ ಮೇಲೆಯೇ ಒಂದೊಂದು ಚಕ್ರವನ್ನು ಟಯರ್ ಹಿಡಿದು ತಿರುಗಿಸಿದೆ. ಎಡದ ಚಕ್ರ ಹೇಳಿದಂತೆ ಕೇಳಿತು. ಬಲದ್ದು ಸ್ವಲ್ಪ ದೂರ ತಿರುಗಿ, ಕೈ ಬಿಟ್ಟೊಡನೆ ರಬ್ಬರಿನಂತೆ ಹಿಂದಕ್ಕೆ ಸೆಳೆಯಿತು. ಸ್ಪ್ರಿಂಗಿನ ಮೇಲೆ ಕೈಯಿಟ್ಟು ನೋಡುವ ಪದ್ಧತಿ ನನಗೆ ಹಿಡಿಸದು. ಸುರುಳಿಗಳ ನಡುವೆ ಬೆರಳು ಸಿಕ್ಕಿದರೆ ಕೇಳುವವರಿಲ್ಲ. ಅದರ ಬದಲು ಸ್ಪ್ರಿಂಗಿನ ಮೇಲಿನ ಸುರುಳಿ, ಅದರ ಸೀಟು ಮತ್ತು ಸ್ಟ್ರಟ್ಟಿನ ತಲೆ ಕೂರುವ ಬಾಡಿಯ ಗೋಪುರ ಈ ಮೂರಕ್ಕೂ ಒಂದೇ ಸಾಲಿನಲ್ಲಿ ಸೀಮೆಸುಣ್ಣದ ಗೀಟು ಎಳೆದೆ. ಎಡಗಡೆ ಸುರುಳಿಯೂ ಸೀಟೂ ಒಟ್ಟಿಗೇ ಗೋಪುರದ ಗೀಟನ್ನು ಬಿಟ್ಟು ಸರಿದವು. ಬಲಗಡೆ ಮೂರು ಗೀಟುಗಳೂ ಸ್ವಲ್ಪ ಹೊತ್ತು ಕದಲದೆ ನಿಂತು, ಆಮೇಲೆ ಟಣ್ ಎಂಬ ಸದ್ದಿನೊಂದಿಗೆ ಸುರುಳಿಯ ಮತ್ತು ಸೀಟಿನ ಗೀಟುಗಳು ಒಮ್ಮೆಲೇ ಜಿಗಿದವು.

ಬಿಚ್ಚಿ ನೋಡಿದಾಗ ಬೇರಿಂಗ್ ಕೆಟ್ಟಿರಲಿಲ್ಲ, ತಲೆಕೆಳಗಾಗಿಯೂ ಕೂತಿರಲಿಲ್ಲ, ಕೈಯಲ್ಲಿ ಹಗುರವಾಗಿಯೇ ತಿರುಗುತ್ತಿತ್ತು. ಆದರೆ ಸ್ಪ್ರಿಂಗ್ ಸೀಟಿನ ಕಪ್ಪು ಬಣ್ಣದ ಮೇಲೆ ಅರ್ಧಚಂದ್ರಾಕಾರದಲ್ಲಿ ಬಣ್ಣ ಉಜ್ಜಿಹೋಗಿ ಲೋಹ ಹೊಳೆಯುತ್ತಿತ್ತು, ಟಾಪ್ ಮೌಂಟಿನ ರಬ್ಬರಿನಲ್ಲಿ ಅದಕ್ಕೆ ಸರಿಹೊಂದುವ ಜಾಗದಲ್ಲಿ ಕಪ್ಪು ಪುಡಿ ಅಂಟಿತ್ತು. ಕ್ಯಾಲಿಪರ್ ಹಿಡಿದು ನೋಡಿದರೆ ಎಡದ ಬೇರಿಂಗಿಗಿಂತ ಬಲದ ಬೇರಿಂಗಿನ ಎತ್ತರ ಒಂದೂವರೆ ಮಿಲಿಮೀಟರಿನಷ್ಟು ಕಡಿಮೆ. ಎರಡು ಬೇರೆ ತಯಾರಿಕೆಯ ಬೇರಿಂಗುಗಳು ಒಂದೇ ಕಾರಿಗೆ ಸೇರಿದ್ದವು. ಕಾರನ್ನು ಎತ್ತಿದಾಗ ರಬ್ಬರಿಗೂ ಸೀಟಿಗೂ ನಡುವೆ ಕೂದಲೆಳೆಯ ಅಂತರ ಉಳಿಯುತ್ತಿತ್ತು. ಇಳಿಸಿದಾಗ ರಬ್ಬರ್ ಅದುಮಿಕೊಂಡು ಸೀಟಿನ ಮೇಲೆ ಕೂತು ಬ್ರೇಕಿನಂತೆ ಹಿಡಿಯುತ್ತಿತ್ತು.

ಮೇಲಿನಿಂದ ಸಿಲಿಕೋನ್ ಗ್ರೀಸ್ ತುಂಬಿದರೆ ಸಾಕೆಂದು ಒಬ್ಬ ಹಿರಿಯ ಮೇಸ್ತ್ರಿಗಳು ಹೇಳಿದ್ದರಿಂದ, ಬದಲಿ ಭಾಗ ಬರುವವರೆಗೆ ಅದನ್ನೂ ಪರೀಕ್ಷಿಸಿದೆ. ತಕ್ಕಡಿ 4ಕ್ಕೆ ಇಳಿಯಿತು, ಕೆಲವು ದಿನ ಓಡಿದ ಮೇಲೆ ಮತ್ತೆ 5 ದಾಟಿತು. ಗ್ರೀಸ್ ಹಾಕಿ ವಾಸಿಯಾಯಿತೆಂದು ಕಳಿಸಿದ ಕಾರುಗಳು ಮರಳಿ ಬರುವುದು ಇದರಿಂದಲೇ ಇರಬೇಕು. ಇದೇ ಬಿಡುವಿನಲ್ಲಿ ಟಯರಿನ ಗಾಳಿಯನ್ನು 33 ಪಿಎಸ್‌ಐಯಿಂದ 25ಕ್ಕೆ ಇಳಿಸಿಯೂ ನೋಡಿದೆ. ನೆಲದ ಮೇಲೆ ಸ್ಟೀರಿಂಗ್ ಸ್ಪಷ್ಟವಾಗಿ ಭಾರವಾಯಿತು, ತಗಡಿನ ಮೇಲಿನ ಅಂಕಿ ಮಾತ್ರ ಅಲುಗಲಿಲ್ಲ. ನನ್ನ ತಗಡುಗಳು ಟಯರನ್ನು ಲೆಕ್ಕದಿಂದ ಹೊರಗಿಡುತ್ತವೆ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸರಿಯಾದ ಎತ್ತರದ ಬೇರಿಂಗುಗಳನ್ನು ಜೋಡಿಯಾಗಿಯೇ ಹಾಕಿದೆ. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಮುಟ್ಟಿಸದೆ, ಟಾರ್ಕ್ ರೆಂಚಿನಲ್ಲಿಯೇ ಬಿಗಿದೆ. ತಗಡಿನ ಮೇಲೆ 3 ಕಿಲೋ, ಕ್ಲ್ಯಾಂಪ್ ಮೀಟರಿನಲ್ಲಿ 30ಕ್ಕಿಂತ ಕಡಿಮೆ ಆಂಪಿಯರ್, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ. ಬೇರಿಂಗ್ ಜೋಡಿಗೆ ಆದ ಖರ್ಚು ಮಾಲೀಕರು ಅಲೈನ್‌ಮೆಂಟಿಗೆ ಸುರಿದಿದ್ದಕ್ಕಿಂತ ಕಡಿಮೆ, ರ‍್ಯಾಕ್ ಮತ್ತು ಕಾಲಮ್ಮಿನ ಅಂದಾಜಿನ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಪತ್ತೆ ಹಚ್ಚಿದ್ದಕ್ಕೆ ನಾನು ಪ್ರತ್ಯೇಕವಾಗಿ, ಭಾಗದ ಬೆಲೆಗಿಂತ ಹೆಚ್ಚಾಗಿಯೇ ಕೂಲಿ ತೆಗೆದುಕೊಂಡೆ. ಅದರಲ್ಲಿ ನನಗೆ ಸಂಕೋಚವಿಲ್ಲ.

ನಕ್ಕವರಲ್ಲಿ ಒಬ್ಬರು ಆಮೇಲೆ ತಾವೇ ಒಂದು ಕಾರನ್ನು ಕಳಿಸಿದರು. ಅದರಲ್ಲಿ ಸಬ್‌ಫ್ರೇಮ್ ಇಳಿಸಿ ಬುಷ್ ಹಾಕಿದ್ದರು. ಚಕ್ರ ಎತ್ತಿದಾಗಲೇ ತಕ್ಕಡಿಯ ಮುಳ್ಳು ಸ್ಟೀರಿಂಗಿನ ಒಂದು ಸುತ್ತಿಗೆ ಎರಡು ಸಲ ಏರಿ ಇಳಿಯುತ್ತಿತ್ತು, ಟೈ ರಾಡ್ ಎಂಡ್ ಬಿಚ್ಚಿದರೂ ಅದೇ ಏರಿಳಿತ. ಅರ್ಧ ಸುತ್ತಿಗೊಮ್ಮೆ ಬರುವ ಹಿಡಿತ ಯೂನಿವರ್ಸಲ್ ಜಾಯಿಂಟಿನದೇ (ಓರೆಯಾಗಿ ಸೇರುವ ಶಾಫ್ಟುಗಳನ್ನು ಜೋಡಿಸುವ ಕೀಲಿನದೇ) ಆದ್ದರಿಂದ ಆ ಕಾರಿಗೆ ತಗಡು ಹಾಸುವ ಕೆಲಸವೇ ಬೀಳಲಿಲ್ಲ. ಕಾಲಮ್ಮಿನ ಕೆಳಗಿನ ಶಾಫ್ಟನ್ನು ಬಿಚ್ಚಿ ತೆಗೆದು, ತುಕ್ಕು ಹಿಡಿದಿದ್ದ ಅದರ ಜಾಯಿಂಟನ್ನು ತೋರಿಸಿ ಕಳಿಸಿದೆ.