ಒಕಿನಾವಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ: ಮೊದಲು ಇಲ್ಲಿನ ಹಾಡುಗಾರರ ಪರಿಚಯ

ಜಪಾನಿನ ತೆಂಕಣ ತುದಿಯ ಈ ದ್ವೀಪಕ್ಕೆ ನಮ್ಮವರು ಬರುವುದು ಹೆಚ್ಚಾಗಿ ಓನ್ನಾದಲ್ಲಿರುವ ಓಐಎಸ್‌ಟಿ ವಿಶ್ವವಿದ್ಯಾಲಯಕ್ಕೆ. ಪಿಎಚ್‌ಡಿಗೋ, ಪೋಸ್ಟ್‌ಡಾಕ್‌ಗೋ, ಇಲ್ಲವೇ ಗಂಡನ ಅಥವಾ ಹೆಂಡತಿಯ ಜೊತೆಗೋ. ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ತೊಗರಿಬೇಳೆ ತರಿಸುವ ದಾರಿ, ಇದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ಊರಿನವರ ಜೊತೆ ಬೆರೆಯುವುದು ಹೇಗೆ ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಅದಕ್ಕೆ ಹತ್ತಿರದ ದಾರಿ ಹಾಡು. ಜಪಾನಿ ಭಾಷೆ ತಡವಾಗಿ ಬಂದರೂ ಪರವಾಗಿಲ್ಲ, ಇಲ್ಲಿನ ನಾಲ್ಕು ಹಾಡು ಗೊತ್ತಿರಲಿ.

ಒಕಿನಾವಾದ ಜನಸಂಖ್ಯೆ 15 ಲಕ್ಷವೂ ಇಲ್ಲ. ಅಷ್ಟರಲ್ಲೇ ಜಪಾನಿಗೆಲ್ಲ ಗೊತ್ತಿರುವ ಹಾಡುಗಾರರು ಎಷ್ಟೊಂದು! ಕಾರಣ ಇದೆ. 1879ರವರೆಗೆ ಇದು ರ್ಯುಕ್ಯು ಅನ್ನುವ ಬೇರೆ ರಾಜ್ಯ. 1945ರ ಯುದ್ಧದ ನಂತರ 1972ರ ಮೇ 15ರವರೆಗೆ ಅಮೆರಿಕದ ಆಡಳಿತ. ಹಳೆಯ ಜನಪದ ಹಾಡು ಒಂದು ಕಡೆ, ಸೈನಿಕರ ಬಾರುಗಳ ರಾಕ್ ಇನ್ನೊಂದು ಕಡೆ, ಎರಡನ್ನೂ ಕೇಳುತ್ತಾ ಬೆಳೆದ ಜನ ಇವರು.

ಮೊದಲು ಬಿಗಿನ್ ಕೇಳಿ. ಇಶಿಗಾಕಿ ದ್ವೀಪದ ಮೂವರು ಗೆಳೆಯರ ಬ್ಯಾಂಡ್ ಇದು, 1990ರಲ್ಲಿ ಮೊದಲ ಹಾಡು ಬಂತು. ಇವರ 'ಶಿಮಾನ್ಚು ನು ತಕಾರಾ' ಬಂದದ್ದು 2002ರಲ್ಲಿ. ಇಶಿಗಾಕಿಯ ಶಾಲಾ ಮಕ್ಕಳಿಂದ ತಮ್ಮ ದ್ವೀಪದ ಬಗ್ಗೆ ಬರೆಸಿ, ಅದರಿಂದ ಕಟ್ಟಿದ ಹಾಡು. ಮದುವೆ, ಆಫೀಸ್ ಪಾರ್ಟಿ, ಶಾಲಾ ಕ್ರೀಡಾಕೂಟ, ಎಲ್ಲಿ ಹೋದರೂ ಕೇಳಿಸುತ್ತದೆ. ನಡುವೆ ಎಲ್ಲರೂ 'ಇಯಾಸಾಸಾ' ಅಂತ ಕೂಗುತ್ತಾರೆ. ಹಾಡೋಕೆ ಬರದಿದ್ದರೂ ಅಷ್ಟು ಕೂಗಿ, ಸಾಕು. 'ನಾದಾ ಸೋಸೋ' ಹಾಡಿಗೆ ರಾಗ ಹಾಕಿದವರೂ ಇವರೇ. ಅದನ್ನು 2001ರಲ್ಲಿ ಹಾಡಿ ಮನೆಮಾತು ಮಾಡಿದವರು ಇಶಿಗಾಕಿಯವರೇ ಆದ ನಾತ್ಸುಕಾವಾ ರಿಮಿ. ತೀರಿಕೊಂಡವರ ನೆನಪಿನ ಹಾಡು ಅದು, ಕುಡಿದು ಕುಣಿಯುವ ಹೊತ್ತಲ್ಲಿ ಕ್ಯಾರಿಯೋಕೆಯಲ್ಲಿ ಒತ್ತಬೇಡಿ.

ನಿಮ್ಮಲ್ಲಿ ಸಂಗೀತ ಕಲಿತವರಿದ್ದರೆ ಇಲ್ಲೊಂದು ಮಜಾ ಇದೆ. ಒಕಿನಾವಾದ ಹಳೆಯ ಹಾಡುಗಳಲ್ಲಿ ಬಹಳಷ್ಟು ಐದೇ ಸ್ವರಗಳಲ್ಲಿ ನಡೆಯುತ್ತವೆ: ಸ, ಗ, ಮ, ಪ, ನಿ. ರಿ ಮತ್ತು ದ ಇಲ್ಲ. ಗಾಂಧಾರ ಅಂತರ, ಮಧ್ಯಮ ಶುದ್ಧ, ನಿಷಾದ ಕಾಕಲಿ. ಅಂದರೆ ನಮ್ಮ ಗಂಭೀರನಾಟದ ಸ್ವರಗಳೇ! ದೇವರ ಉತ್ಸವ ಹೊರಟಾಗ ನಾಗಸ್ವರದವರು ಮಲ್ಲಾರಿ ನುಡಿಸುತ್ತಾರಲ್ಲ, ಆ ರಾಗ. ಇಲ್ಲಿ ಗಮಕ ಇಲ್ಲ, ನಡೆಯೂ ಬೇರೆ. ಆದರೂ ಕಿವಿ ತಟ್ಟನೆ ಗುರುತು ಹಿಡಿಯುತ್ತದೆ. ನಾಹಾ ವಿಮಾನ ನಿಲ್ದಾಣದಲ್ಲೋ ಅಂಗಡಿಯಲ್ಲೋ ಸನ್‌ಶಿನ್ ಕೇಳಿ 'ಇದೆಲ್ಲೋ ಕೇಳಿದ ಹಾಗಿದೆ' ಅನ್ನಿಸಿದರೆ ಕಾರಣ ಇದೇ.

ಸನ್‌ಶಿನ್ ಅಂದರೆ ಮೂರು ತಂತಿಯ ವಾದ್ಯ. ಚೀನಾದಿಂದ ಇಲ್ಲಿಗೆ ಬಂದು, ಇಲ್ಲಿಂದ ಜಪಾನಿನ ಮುಖ್ಯ ಭಾಗಕ್ಕೆ ಹೋಗಿ ಅಲ್ಲಿ ಶಾಮಿಸೆನ್ ಆಯಿತು. ಯುದ್ಧ ಮುಗಿದ ಮೇಲೆ ಶಿಬಿರಗಳಲ್ಲಿದ್ದ ಜನ ಖಾಲಿ ಡಬ್ಬಕ್ಕೆ ಕೋಲು ಸಿಕ್ಕಿಸಿ, ಪ್ಯಾರಾಚೂಟಿನ ದಾರ ಕಟ್ಟಿ ನುಡಿಸಿಕೊಂಡರು. ಆ ಡಬ್ಬದ ಸನ್‌ಶಿನ್ ಈಗಲೂ ಮಾರಾಟಕ್ಕಿದೆ, ಮಕ್ಕಳಿಗೆ ಒಳ್ಳೆಯದು. ದೊಡ್ಡವರು ಕೊಳ್ಳುವುದಾದರೆ ಒಂದು ಎಚ್ಚರ. ಅಸಲಿ ಸನ್‌ಶಿನ್‌ಗೆ ಹೆಬ್ಬಾವಿನ ಚರ್ಮ ಹೊದಿಸುತ್ತಾರೆ. ಕಾಡುಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದನ್ನು ದೇಶದಿಂದಾಚೆ ಒಯ್ಯಲು ಪರವಾನಗಿ ಬೇಕು. ಊರಿಗೆ ಒಯ್ಯುವ ಆಸೆ ಇದ್ದರೆ ಕೃತಕ ಚರ್ಮದ್ದನ್ನೇ ಕೊಳ್ಳಿ. ಅಗ್ಗ, ಹರಿಯುವ ಭಯವೂ ಕಡಿಮೆ. ಕಲಿಯಲು ಹತ್ತಿರದ ಕೋಮಿನ್‌ಕಾನ್, ಅಂದರೆ ಬಡಾವಣೆಯ ಸಮುದಾಯ ಭವನದಲ್ಲಿ ವಿಚಾರಿಸಿ. ಕಲಿಸುವ ಹಿರಿಯರು ಯಾರಾದರೂ ಸಿಗುತ್ತಾರೆ.

ಇನ್ನು ಕೋಜಾ. ಈಗಿನ ಹೆಸರು ಒಕಿನಾವಾ ನಗರ, ಆದರೆ ಎಲ್ಲರೂ ಕೋಜಾ ಅಂತಲೇ ಕರೆಯುತ್ತಾರೆ. ಅಮೆರಿಕದ ಕಾಡೇನಾ ವಾಯುನೆಲೆಯ ಬಾಗಿಲಲ್ಲೇ ಇರುವ ಊರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಇಲ್ಲಿನ ಬಾರುಗಳಲ್ಲಿ ಸೈನಿಕರಿಗೆ ರಾಕ್ ನುಡಿಸಿ ಪಳಗಿದವರು ಮುರಾಸಾಕಿ, ಕಂಡಿಷನ್ ಗ್ರೀನ್ ಮುಂತಾದ ಬ್ಯಾಂಡುಗಳು. ನುಡಿಸೋದು ಚೆನ್ನಾಗಿಲ್ಲದಿದ್ದರೆ ಬಾಟಲಿ ತೂರಿ ಬರುತ್ತಿತ್ತಂತೆ. ಕಿನಾ ಶೋಕಿಚಿ ಕೂಡ ಈ ಊರಿನಿಂದಲೇ ಬಂದವರು. ಹದಿಹರೆಯದಲ್ಲಿ ಕಟ್ಟಿದ ಅವರ 'ಹೈಸಾಯ್ ಓಜಿಸನ್' ಹಾಡನ್ನು ಒಕಿನಾವಾದ ಶಾಲೆಗಳು ಕೋಶಿಯೆನ್, ಅಂದರೆ ಜಪಾನಿನ ಹೈಸ್ಕೂಲುಗಳ ರಾಷ್ಟ್ರೀಯ ಬೇಸ್‌ಬಾಲ್ ಪಂದ್ಯಗಳಲ್ಲಿ ಹುರಿದುಂಬಿಸಲು ಬಾರಿಸುತ್ತವೆ. 1980ರ 'ಹಾನಾ' ಏಷ್ಯಾದ ಉದ್ದಗಲಕ್ಕೂ ಹೋಯಿತು. ಮುಂದೆ ಅವರು ಸಂಸತ್ತಿನ ಮೇಲ್ಮನೆಯ ಸದಸ್ಯರೂ ಆದರು. ನನ್ನ ಕೇಳಿದರೆ, ಒಕಿನಾವಾದ ಒಬ್ಬರನ್ನೇ ಕೇಳಬೇಕು ಅಂದರೆ ಇವರನ್ನು ಕೇಳಿ.

ಕೋಜಾದ್ದೇ ಇನ್ನೊಂದು ಬ್ಯಾಂಡ್ ಆರೆಂಜ್ ರೇಂಜ್. ಅನಿಮೆ ನೋಡುವ ನಮ್ಮ ಹುಡುಗರಿಗೆ ಇವರು ಆಗಲೇ ಗೊತ್ತು, 'ಬ್ಲೀಚ್' ಸರಣಿಯ ಮೊದಲ ಶೀರ್ಷಿಕೆ ಹಾಡು ಇವರದ್ದು. ಇವರದ್ದೂ 'ಹಾನಾ' ಅನ್ನುವ ಹಾಡಿದೆ, 2004ರದ್ದು, ಹಳೆಯದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕ್ಯಾರಿಯೋಕೆಯಲ್ಲಿ ಹಾಡುಗಾರರ ಹೆಸರು ನೋಡಿ ಒತ್ತಿ.

ನಿಮ್ಮ ವಯಸ್ಸಿನ ಸಹೋದ್ಯೋಗಿಗಳ ಜೊತೆ ಜಾಸ್ತಿ ಉಪಯೋಗಕ್ಕೆ ಬರೋದು ಮೊಂಗೋಲ್ 800. ಊರವರ ಬಾಯಲ್ಲಿ ಮೊನ್‌ಪಾಚಿ. ಉರಾಸೋಯೆಯ ಹೈಸ್ಕೂಲು ಹುಡುಗರು ಕಟ್ಟಿದ ಈ ಬ್ಯಾಂಡಿನ 2001ರ ಆಲ್ಬಂ, ದೊಡ್ಡ ಕಂಪನಿಯ ಬೆನ್ನಾಸರೆ ಇಲ್ಲದೆ ಜಪಾನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊಟ್ಟಮೊದಲ ಇಂಡಿ ಆಲ್ಬಂ. ಅದರಲ್ಲಿರುವ 'ಚಿಸಾನಾ ಕೋಯ್ ನೊ ಉತಾ' ಗೊತ್ತಿಲ್ಲದ ಜಪಾನಿ ಯುವಕ ಸಿಗೋದು ಕಷ್ಟ. ಎಚ್‌ವೈ ಕೂಡ ಹೀಗೇ ಸ್ಥಳೀಯವಾಗಿ ಬೆಳೆದ ಬ್ಯಾಂಡ್, ತಮ್ಮ ಬಡಾವಣೆ ಹಿಗಾಶಿ ಯಾಕೆನಾದ ಮೊದಲಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡವರು. ಯೋಮಿತಾನಿನ ಕಿರೋರೋ ಜೋಡಿಯ 'ಮಿರಾಯ್ ಎ' ತಾಯಿಯನ್ನು ನೆನೆಯುವ ಹಾಡು. ಲ್ಯಾಬಿನಲ್ಲಿ ಚೀನಾದವರಿದ್ದರೆ ಅವರಿಗೂ ಈ ರಾಗ ಗೊತ್ತಿರುತ್ತದೆ, ಚೀನಿಯಲ್ಲಿ ಬೇರೆ ಸಾಹಿತ್ಯದೊಂದಿಗೆ ಬಹಳ ಹಿಟ್ ಆಗಿದೆ. ರ್‍ಯಾಪ್ ಇಷ್ಟದವರು ನಾಹಾದ ಆವಿಚ್ ಅವರನ್ನು ಹುಡುಕಿ.

ತೊಂಬತ್ತರ ದಶಕದ ಡ್ಯಾನ್ಸ್ ಪಾಪ್ ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಅಮುರೊ ನಮಿಯೆ ಹೆಸರು ಗೊತ್ತಿಲ್ಲದೆ ಇಲ್ಲಿ ಇರೋಕಾಗಲ್ಲ. ನಾಹಾದ ಹುಡುಗಿ, ಒಕಿನಾವಾ ಆಕ್ಟರ್ಸ್ ಸ್ಕೂಲಿನಲ್ಲಿ ಕಲಿತವರು. ಸ್ಪೀಡ್ ಬ್ಯಾಂಡಿನ ನಾಲ್ಕು ಹುಡುಗಿಯರೂ ಅಲ್ಲಿಂದಲೇ ಬಂದವರು. 2000ದಲ್ಲಿ ಜಿ8 ಶೃಂಗಸಭೆ ಒಕಿನಾವಾದಲ್ಲಿ ನಡೆದಾಗ ನಾಯಕರ ಮುಂದೆ ಹಾಡಿದವರು ಅಮುರೊ. 2018ರ ಸೆಪ್ಟೆಂಬರ್ 16ರಂದು ನಿವೃತ್ತಿಯಾದರು. 2023ರ ಕೊನೆಯ ಹೊತ್ತಿಗೆ ಅವರ ಹಾಡುಗಳು ಸ್ಟ್ರೀಮಿಂಗ್ ಆಪ್‌ಗಳಿಂದ ಮಾಯವಾದವು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಡಿ ಹುಡುಕಿ, ಅಗ್ಗಕ್ಕೆ ಸಿಗುತ್ತದೆ.

ಹೊಸಬರು ಎಡವುವ ಜಾಗ ಒಂದಿದೆ: 'ಶಿಮಾ ಉತಾ'. ಒಕಿನಾವಾ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವ ಹಾಡು. ಆದರೆ ಹಾಡಿದ ದಿ ಬೂಮ್ ಬ್ಯಾಂಡ್ ಇಲ್ಲಿನದ್ದಲ್ಲ, ಬರೆದ ಮಿಯಾಜಾವಾ ಯಾಮಾನಾಶಿಯವರು. ಯುದ್ಧದಲ್ಲಿ ಬದುಕುಳಿದ ಹೆಣ್ಣುಮಗಳೊಬ್ಬರ ಮಾತು ಕೇಳಿ ಬರೆದದ್ದು. ಮೇಲ್ನೋಟಕ್ಕೆ ಪ್ರೇಮಗೀತೆ, ಒಳಗಿರೋದು 1945. ಆ ಯುದ್ಧದಲ್ಲಿ ಇಲ್ಲಿನ ನಾಲ್ವರಲ್ಲಿ ಒಬ್ಬರು ಸತ್ತರು ಅನ್ನುತ್ತಾರೆ. ಜೂನ್ 23 ಅವರ ಸ್ಮರಣೆಯ ದಿನ, ಒಕಿನಾವಾದಲ್ಲಿ ಮಾತ್ರ ಸರ್ಕಾರಿ ರಜೆ. ಅಂದು ಮನೆಯಲ್ಲಿ ಗೆಳೆಯರನ್ನು ಸೇರಿಸಿ ಜೋರಾಗಿ ಹಾಡು ಹಾಕಬೇಡಿ.

ಹಾಡು ಕೇಳೋಕೆ ಹೊರಗೆ ಹೋಗುವಾಗ: ಲೈವ್ ಹೌಸಿನಲ್ಲಿ ಟಿಕೆಟ್ ಜೊತೆ ಒಂದು ಡ್ರಿಂಕ್ ಕಡ್ಡಾಯ, ಸುಮಾರು 500-600 ಯೆನ್. ಕುಡಿಯದವರು ಜಾಸ್ಮಿನ್ ಟೀ ತಗೊಳ್ಳಿ. ಜನಪದ ಹಾಡಿನ ಇಜಾಕಾಯಾಗಳಲ್ಲಿ, ಅಂದರೆ ಕುಡಿತದ ಜೊತೆ ತಿಂಡಿಯೂ ಸಿಗುವ ಅಂಗಡಿಗಳಲ್ಲಿ, ಹಾಡಿಗೆ ಬೇರೆ ಚಾರ್ಜ್, ಕೇಳದೇ ತಂದಿಡುವ ಪುಟ್ಟ ತಟ್ಟೆಗೂ ಬಿಲ್ ಹಾಕುತ್ತಾರೆ. ಸಸ್ಯಾಹಾರಿಗಳು ಮನೆಯಲ್ಲೇ ಉಂಡು ಹೋಗೋದು ವಾಸಿ. ಹಾಗಲಕಾಯಿ ಪಲ್ಯದ ಹಾಗೆ ಕಾಣುವ ಗೋಯಾ ಚಂಪೂರುವಿನಲ್ಲೂ ಮೊಟ್ಟೆ, ಹಂದಿಮಾಂಸ ಇರುತ್ತದೆ. ಓನ್ನಾದ ಕಡೆಗೆ ಕೊನೆಯ ಬಸ್ಸು ಬೇಗ ಹೊರಟುಬಿಡುತ್ತದೆ. ಕಾರಿನಲ್ಲಿ ಹೋಗಿ ಕುಡಿದರೆ 'ದೈಕೋ' ಕರೆಯಿರಿ, ಅವರೇ ಬಂದು ನಿಮ್ಮ ಕಾರನ್ನು ಮನೆಗೆ ಓಡಿಸಿಕೊಂಡು ಬರುತ್ತಾರೆ. ಕುಡಿದು ಓಡಿಸುವ ಯೋಚನೆಯನ್ನೇ ಮಾಡಬೇಡಿ, ಕೆಲಸವೂ ಹೋಗಬಹುದು.

ಕೊನೆಯ ಹಾಡಿಗೆ ಎಲ್ಲರೂ ಎದ್ದು ಕಾಚಾಶಿ ಕುಣಿಯುತ್ತಾರೆ. ಕೂತೇ ಇದ್ದರೆ ಅಜ್ಜಿಯರು ಬಂದು ಎಬ್ಬಿಸುತ್ತಾರೆ. ಎರಡೂ ಕೈ ತಲೆಯ ಮೇಲೆತ್ತಿ ಮಣಿಕಟ್ಟು ತಿರುಗಿಸಬೇಕು, ಗಂಡಸರು ಮುಷ್ಟಿ ಹಿಡಿದು, ಹೆಂಗಸರು ಅಂಗೈ ಬಿಚ್ಚಿ. ಬೇಸಿಗೆಯಲ್ಲಿ ರಾತ್ರಿ ಹೊತ್ತು ಬೀದಿಯಲ್ಲಿ ಡೋಲು ಬಡಿದರೆ ಗಾಬರಿ ಬೇಡ, ಚಾಂದ್ರಮಾನದ ಏಳನೇ ತಿಂಗಳಲ್ಲಿ ಪಿತೃಗಳಿಗಾಗಿ ಕುಣಿಯುವ ಎಯ್ಸಾದ ಅಭ್ಯಾಸ ಅದು. ದೂರು ಕೊಡೋಕೆ ಹೋಗಬೇಡಿ. ಒಂದಷ್ಟು ತಣ್ಣನೆಯ ಟೀ ಬಾಟಲಿ ಹಿಡಿದು ಹೋಗಿ ನೋಡಿ, ಮುಂದಿನ ವರ್ಷ ನಿಮ್ಮ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ.